ಮಳೆಗೆ ಮುಂಚೆ ಉಸಿರಾಡುವ ಬಾವಿ

ನಾನು ಸಿಡುಕಿ ಎಂಬುದು ಆಫೀಸಿನಲ್ಲೂ ಮನೆಯಲ್ಲೂ ಎಲ್ಲರಿಗೂ ಗೊತ್ತು. ಎರಡು ಮಾತು ಕೇಳಿದರೆ ನನಗೆ ತಡೆಯಲಾಗುವುದಿಲ್ಲ. ಒಂದು, ಯಾರದೋ ಮನೆಯ ಹಬ್ಬದೂಟದಲ್ಲಿ ತಟ್ಟೆ ಹಿಡಿದು ನಿಂತ ನಮ್ಮವರು "ಕ್ಯಾಲಿಫೋರ್ನಿಯಾದಲ್ಲಿ ಕಲ್ಲಿದ್ದಲು ಗಣೀನಾ? ಸುಮ್ನಿರ್ರೀ, ತಮಾಷೆ ಮಾಡ್ಬೇಡಿ" ಎನ್ನುವುದು. ಇನ್ನೊಂದು, ನೆಲದಡಿಯ ನೀರಿನ ಮಾತು ಬಂದ ಕೂಡಲೇ ದೇವರು ದೆವ್ವಗಳನ್ನು ಎಳೆದು ತರುವುದು. ಅಂತರ್ಜಲದ ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಂಡವಳ ಮುಂದೆ, ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರು ಹುಡುಕಿದವರ ಕಥೆ ಹೇಳಿದರೆ ಸಿಟ್ಟು ಬಾರದೆ ಇನ್ನೇನು? ಆದರೂ ಈಗ ಬರೆಯುತ್ತಿರುವುದು ಗಣಿಯ ಪಕ್ಕದ ಒಂದು ಬಾವಿಯ ಬಗ್ಗೆ, ಅದರ ಬಳಿ ನಿಂತು ನಾನು ನಿಜವಾಗಿಯೂ ಹೆದರಿದ್ದರ ಬಗ್ಗೆ.

ಗಣಿ ಇರುವುದು ಖಂಡಿತ. ಡ್ಯಾನ್‌ವಿಲ್‌ನ ಕಾಫಿ ಅಂಗಡಿಯ ಹೊರಗೆ ಕೂತರೆ ಕಾಣುವ ದೊಡ್ಡ ಬೆಟ್ಟವಿದೆಯಲ್ಲ, ಅದರ ಆಚೆ ಬದಿಯ ಗುಡ್ಡಗಳಲ್ಲಿ ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಜನ ನೆಲದೊಳಗೆ ಮಗ್ಗುಲಾಗಿ ಮಲಗಿಕೊಂಡು ಕಲ್ಲಿದ್ದಲು ಕಡಿಯುತ್ತಿದ್ದರು. ಪದರ ಅಷ್ಟು ತೆಳುವು, ಕೂರಲೂ ಜಾಗವಿರಲಿಲ್ಲ. ಆಮೇಲೆ ಕಲ್ಲಿದ್ದಲು ಯಾರಿಗೂ ಬೇಡವಾಯಿತು, ಜನ ಮನೆಗಳನ್ನೇ ಬಿಚ್ಚಿಕೊಂಡು ಬೇರೆ ಕಡೆ ಹೋದರು. ಸುರಂಗಗಳು ಮಾತ್ರ ಅಲ್ಲೇ ಉಳಿದವು. ಕೆಳಗಿನವುಗಳಲ್ಲಿ ನೀರು ತುಂಬಿಕೊಂಡಿತು, ಮೇಲಿನವುಗಳಲ್ಲಿ ಗಾಳಿ. ಮೇಲೆ ಹುಲ್ಲು ಬೆಳೆಯಿತು, ದನ ಮೇಯ್ದವು, ಈಗ ಭಾನುವಾರ ಜನ ನಾಯಿ ಹಿಡಿದುಕೊಂಡು ವಾಕಿಂಗು ಹೋಗುತ್ತಾರೆ.

ನಮ್ಮ ಆಫೀಸು ಎಮರಿವಿಲ್‌ನಲ್ಲಿದೆ. ಅದೇ ಬೀದಿಯಲ್ಲಿ ಕಾರ್ಟೂನ್ ಸಿನಿಮಾ ಮಾಡುವವರು ಕೊರಳಿಗೆ ಕಾರ್ಡು ನೇತುಹಾಕಿಕೊಂಡು ನಗುನಗುತ್ತಾ ಊಟಕ್ಕೆ ಹೋಗುತ್ತಾರೆ. ನಾವು ಕಣ್ಣಿಗೆ ಕಾಣದ ನೀರಿನ ನಕ್ಷೆ ಬರೆಯುತ್ತಾ ಕೂರುತ್ತೇವೆ. ಆ ಗುಡ್ಡವನ್ನು ನೋಡಿಕೊಳ್ಳುವ ಒಂದು ಖಾಸಗಿ ಟ್ರಸ್ಟು ನಮ್ಮನ್ನು ಕರೆದದ್ದು, ಅಲ್ಲಿನ ಕಾಲುದಾರಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕುಸಿದು ಬಾಯ್ಬಿಟ್ಟ ಮೇಲೆ. ಹಳೆಯ ಸುರಂಗದ ಚಾವಣಿ ಬಿದ್ದಿತ್ತು. ಸುರಂಗದ ನೀರನ್ನೆಲ್ಲ ಪಂಪಿನಿಂದ ಹೊರಗೆ ಹಾಕಿ, ಟೊಳ್ಳಿನೊಳಗೆ ಕಾಂಕ್ರೀಟು ತುಂಬಬೇಕೆಂದು ಟ್ರಸ್ಟಿನವರು ತೀರ್ಮಾನಿಸಿದರು.

ಗುಡ್ಡದ ಬುಡದಲ್ಲಿ ಕೆಲವು ಮನೆಗಳಿದ್ದವು, ಅವಕ್ಕೆ ಊರಿನ ನೀರಿನ ಪೈಪು ಇರಲಿಲ್ಲ. ಎಲ್ಲರದೂ ಬೋರು. ಇಲ್ಲಿ ನೆಲ ಯಾರದೋ ಅದರಡಿಯ ನೀರನ್ನು ಮನೆಮಟ್ಟಿಗೆ ಬಳಸುವ ಹಕ್ಕೂ ಅವರದೇ. ಆದರೆ ನೀರಿಗೆ ಬೇಲಿ ಗೊತ್ತಿಲ್ಲ. ಗಣಿ ಬರಿದು ಮಾಡಿದರೆ ಯಾರ ಬೋರು ಬತ್ತುತ್ತದೆಂದು ಯಾರು ಹೇಳಬೇಕು? ಹಾಗಾಗಿ ಕೌಂಟಿಯವರು, ಎಂದರೆ ಇಲ್ಲಿನ ಜಿಲ್ಲಾಡಳಿತದವರು, ಟ್ರಸ್ಟಿಗೆ ಒಂದು ಷರತ್ತು ಹಾಕಿದರು. ಪಂಪು ಶುರುವಾಗುವ ಮೊದಲು ಯಾವ ಮನೆಯ ಬೋರಿಗೂ ಗಣಿಗೂ ಸಂಬಂಧವಿದೆಯೆಂದು ಸಾಬೀತಾಗುತ್ತದೋ ಆ ಮನೆಗೆ ಟ್ರಸ್ಟೇ ಊರಿನಿಂದ ಪೈಪು ಎಳೆದು ನೀರು ಕೊಡಬೇಕು. ಸಾಬೀತಾಗದವರು ಮುಂದೆ ನೀರು ಬತ್ತಿದರೆ ಲಾಯರು ಹಿಡಿಯಬೇಕು. ಸಾಬೀತು ಮಾಡುವ ಕೆಲಸ ನನ್ನದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಆ ಎರಡರ ನಡುವಿನ ನೊಗ ನಾನಾಗಿದ್ದೆ.

ಎಲ್ಲಕ್ಕಿಂತ ಮೇಲಿದ್ದ ಮನೆಯ ಬಾಗಿಲಿಗೆ ಪ್ಲಾಸ್ಟಿಕ್ಕಿನ ಮಾವಿನೆಲೆಯ ತೋರಣ ಕಂಡಾಗ ನನಗೆ ನಗು ಬಂತು. ಬಾಗಿಲು ತೆರೆದವರು ಇಳಕಲ್ ಸೀರೆಯ ಮೇಲೆ ಗಂಡಸರ ಸ್ವೆಟರು ಹಾಕಿಕೊಂಡಿದ್ದ ಹಿರಿಯ ಹೆಂಗಸು, ವಿಜಯಪುರದ ಕಡೆಯವರು. ಮಗಳು ಫಾಸ್ಟರ್ ಸಿಟಿಯ ಔಷಧಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ವಾರದಲ್ಲಿ ಕೆಲವು ದಿನ ಕೊಲ್ಲಿಯ ಸೇತುವೆ ದಾಟಿ ಆಫೀಸು, ಉಳಿದ ದಿನ ಮನೆಯಿಂದಲೇ. ಅವಳು ತಾಯಿಯನ್ನು ಅವ್ವ ಎಂದು ಕರೆಯುತ್ತಿದ್ದುದರಿಂದ ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ನಾನು ಬಾವಿ ನೋಡಲು ಬಂದವಳು, ಕನ್ನಡದವಳು ಎಂದು ಗೊತ್ತಾದದ್ದೇ ತಡ, ಅವ್ವನ ಮುಖ ಅರಳಿತು.

"ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಬರ್ರಿ, ಮೊದಲ ಚಾ ಕುಡೀರಿ. ಬಾವಿ ಎಲ್ಲೀಗೂ ಓಡಿ ಹೋಗೂದಿಲ್ಲ."

ಬಾವಿ ಎಂದರೆ ಬೋರು. ಮನೆಯ ಹಿಂದೆ, ಗುಡ್ಡಕ್ಕೆ ಒತ್ತಿಕೊಂಡಂತೆ ಹಲಗೆಯ ಪುಟ್ಟ ಶೆಡ್ಡು. ಕಿಟಕಿಯಿಲ್ಲ, ಒಂದೇ ಬಾಗಿಲು. ಒಳಗೆ ನೆಲದಿಂದ ಮೊಣಕಾಲೆತ್ತರಕ್ಕೆ ಎದ್ದು ನಿಂತ ಕಬ್ಬಿಣದ ಕೊಳವೆ, ಅದರ ಮುಚ್ಚಳದಲ್ಲಿ ನೀರಿನ ಮಟ್ಟ ಅಳೆಯಲು ಬಿಟ್ಟ ತೂತು. ಕೊಳವೆಗೆ ಅರಿಶಿನ ಕುಂಕುಮ, ನೆಲದ ಮೇಲೆ ಹಿತ್ತಾಳೆಯ ದೀಪ, ಪಕ್ಕದಲ್ಲಿ ಹಳೆಯದೊಂದು ಪ್ಲಾಸ್ಟಿಕ್ ಕುರ್ಚಿ. ಬಾಗಿಲು ತೆಗೆದಾಗ ಒಳಗೆ ಸಣ್ಣಗೆ ಸೀಟಿಯ ಸದ್ದಿತ್ತು. ಪಂಪು ಆಫ್ ಆಗಿತ್ತು.

"ಕೇಳಸ್ತೈತೇನ್ರಿ? ಉಸರಾಡಾಕತ್ತೈತಿ," ಎಂದರು ಅವ್ವ, ಮಲಗಿದ ಮಗುವಿನ ಕೋಣೆಗೆ ಬಂದವರಂತೆ ದನಿ ತಗ್ಗಿಸಿ.

ಮಗಳಿಗೆ ನಾಚಿಕೆಯಾಯಿತು. "ಅವ್ವಾ, ಪ್ಲೀಸ್. ಮೇಡಂ ಇಂಜಿನಿಯರು."

ನಾನು ಜೇಬಿನಿಂದ ಟಿಶ್ಯೂ ಕಾಗದ ತೆಗೆದು ತೂತಿನ ಬಳಿ ಹಿಡಿದೆ. ಕಾಗದ ಫಟ್ಟನೆ ತೂತಿಗೆ ಅಂಟಿಕೊಂಡಿತು. ಹೊರಗೆ ಬಿಸಿಲು ಚೆನ್ನಾಗಿದ್ದು ಗಾಳಿಯ ಒತ್ತಡ ಹೆಚ್ಚಿದ್ದಾಗ ಬೋರು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಮಳೆ ಮೋಡ ಬಂದು ಒತ್ತಡ ಇಳಿದಾಗ ಹೊರಗೆ ಬಿಡುತ್ತದೆ, ನೆಲದಡಿ ಎಲ್ಲೋ ಟೊಳ್ಳು ಅಥವಾ ಒಣ ಬಿರುಕು ಇದ್ದರೆ ಸಾಕು, ಇದರಲ್ಲಿ ವಿಶೇಷವೇನೂ ಇಲ್ಲ ಎಂದು ಬಿಡಿಸಿ ಹೇಳಿದೆ. ಅವ್ವ ಗಮನವಿಟ್ಟು ಕೇಳಿದರು.

"ಹೌದ್ರಿ ಮತ್ತ," ಎಂದರು. "ಮನಶ್ಯಾರೂ ಗಾಳಿ ಒಳಗ ತಗೊಂಡು ಹೊರಗ ಬಿಡೂದನ್ನ ಉಸರಾಡೂದು ಅಂತೀವಿ."

ಮಾತಿಗೆ ಸೋಲುವ ಜಾತಿಯಲ್ಲ ನಾನು, ಆದರೆ ಟಿಶ್ಯೂ ಕಾಗದವನ್ನು ತೂತಿನಿಂದ ಕಿತ್ತು ಜೇಬಿಗೆ ಹಾಕಿಕೊಂಡೆ.

ಬೋರು ಉಸಿರಾಡಿದ ಮಾತ್ರಕ್ಕೆ ಗಣಿಗೆ ಸೇರಿದ್ದೆಂದು ಕೌಂಟಿ ಒಪ್ಪುವುದಿಲ್ಲ. ಅದಕ್ಕೆ ಬಣ್ಣದ ಪರೀಕ್ಷೆ ಬೇಕು. ಗಣಿಯ ಹಳೆಯ ಗಾಳಿಬಾವಿಯೊಳಗೆ, ಎಂದರೆ ಅಂದಿನ ಗಣಿಗೆ ಗಾಳಿಯಾಡಲೆಂದು ತೋಡಿದ್ದ ಹೊಂಡದೊಳಗೆ, ಹಳದಿ ಹಸಿರಾಗಿ ಹೊಳೆಯುವ ಒಂದು ಬಣ್ಣವನ್ನು ಸುರಿಯುತ್ತೇವೆ. ಕುಡಿದರೂ ಕೇಡಿಲ್ಲದ್ದು, ಕಣ್ಣಿಗೆ ಕಾಣದಷ್ಟು ತೆಳುವಾದರೂ ಲ್ಯಾಬಿನ ಬೆಳಕಿನಲ್ಲಿ ಹೊಳೆಯುವಂಥದ್ದು. ಪ್ರತಿ ಬೋರಿನಲ್ಲೂ ದಾರಕ್ಕೆ ಕಟ್ಟಿದ ಇದ್ದಿಲಿನ ಪುಟ್ಟ ಚೀಲ ಇಳಿಬಿಡುತ್ತೇವೆ. ಬಣ್ಣ ಬಂದರೆ ಇದ್ದಿಲು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಣ್ಣ ಸುರಿಯುವ ಮೊದಲೇ ಒಂದು ಚೀಲ ಬಿಟ್ಟು ತೆಗೆಯಬೇಕು, ಬಾವಿಯಲ್ಲಿ ಮೊದಲೇ ಏನಾದರೂ ಹೊಳೆಯುವಂಥದ್ದು ಇದೆಯೇ ಎಂದು ನೋಡಲು. ಸುರಿದ ಮೇಲೆ ಇನ್ನೊಂದು. ನಾನು ಎಲ್ಲ ಮನೆಗಳಲ್ಲೂ ಹಾಗೇ ಮಾಡಿದೆ.

ಮೊದಲ ಚೀಲ ತೆಗೆಯಲು ಹೋದ ದಿನ ಆ ಶೆಡ್ಡಿನಲ್ಲಿ ಒಬ್ಬಳೇ ಇದ್ದೆ. ದಾರ ಸುತ್ತಿಕೊಳ್ಳಲು ಬಗ್ಗಿದಾಗ ನನ್ನ ಜಡೆಯ ತುದಿ ತೂತಿನ ಕಡೆ ವಾಲಿತು. ನೆಲದ ಮೇಲಿದ್ದ ಒಣ ಎಲೆಯೊಂದು ಕೊಳವೆಯನ್ನು ಹತ್ತಿ ಮುಚ್ಚಳದ ಮೇಲೆ ಅಂಟಿ ಕೂತು ನಡುಗಿತು. ಸೀಟಿಯ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಒಳಗೆಳೆದುಕೊಂಡದ್ದು ಸಾಕಾಗಿ, ಹೊರಬಿಡುವ ಮೊದಲಿನ ನಿಲುಗಡೆ ಅದು. ಒತ್ತಡ ಸರಿಸಮವಾದಾಗ ಹಾಗಾಗುತ್ತದೆಂದು ನಾನೇ ಹತ್ತು ಜನಕ್ಕೆ ಪಾಠ ಹೇಳಿದ್ದೇನೆ. ಆದರೂ ಆ ನಿಶ್ಶಬ್ದದಲ್ಲಿ, ಕೆಳಗಿರುವ ಏನೋ ನಾನು ಇಲ್ಲಿರುವುದನ್ನು ಗಮನಿಸಿದೆ ಅನ್ನಿಸಿತು. ದಾರವನ್ನು ಅರ್ಧ ಸುತ್ತಿಕೊಂಡೇ ಹೊರಗೆ ಬಂದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಲ್ಯಾಬಿನಿಂದ ಉತ್ತರ ಬಂದಾಗ ಆ ಮನೆಯ ಚೀಲ ದೀಪಾವಳಿಯ ಹಾಗೆ ಹೊಳೆದಿತ್ತು. ಎರಡನೆಯದು ಹೊಳೆದದ್ದು ಸರಿ. ಬಣ್ಣ ಸುರಿಯುವ ಮೊದಲೇ ತೆಗೆದ ಚೀಲವೂ ಹೊಳೆದಿತ್ತು. ಉಳಿದ ಮನೆಗಳವು ಸ್ವಚ್ಛ.

ಟ್ರಸ್ಟಿನ ಅಧಿಕಾರಿ ತುಂಬ ಮರ್ಯಾದಸ್ಥ ಮನುಷ್ಯ. ದನಿ ಏರಿಸದೆ, ಕಾಫಿ ಲೋಟವನ್ನು ತಿರುಗಿಸುತ್ತಾ, ಆ ಮನೆಯವರು ತಾವೇ ಏನೋ ಬಣ್ಣ ತಂದು ಬಾವಿಗೆ ಹಾಕಿರಬೇಕು, ಆತುರಪಟ್ಟು ಮೊದಲೇ ಹಾಕಿ ಸಿಕ್ಕಿಬಿದ್ದಿದ್ದಾರೆ ಎಂದರು. ಇಂಥದ್ದನ್ನು ಮುಂಚೆಯೂ ನೋಡಿದ್ದರಂತೆ. ಆ ಮನೆಯ ಹಕ್ಕಿನ ಮಾತು ಅಲ್ಲಿಗೆ ಮುಗಿಯಿತು, ಇನ್ನು ಮಳೆಗಾಲದ ನಡುವೆಯೇ ಪಂಪು ಇಳಿಸೋಣ ಎಂದರು. ನನಗೆ ಒಳಗೊಳಗೇ ಕುದಿಯಿತು. ನಮ್ಮವರೆಂದು ಕುದಿದದ್ದಲ್ಲ, ನಮ್ಮವರು ಮೋಸ ಮಾಡುವುದಿಲ್ಲ ಎಂಬ ಭ್ರಮೆ ನನಗಿಲ್ಲ. ಆದರೆ ಆ ಮಗಳಿಗೆ ಬೋರಿನ ಸ್ವಿಚ್ಚು ಎಲ್ಲಿದೆಯೆಂದೂ ಸರಿಯಾಗಿ ಗೊತ್ತಿರಲಿಲ್ಲ.

ಮಾರನೆಯ ದಿನವೇ ಹೋದೆ. ಅಡುಗೆಮನೆಯಲ್ಲಿ ನಿಂತು, ಬಾವಿಗೆ ಯಾರಾದರೂ ಏನಾದರೂ ಹಾಕಿದಿರಾ ಎಂದು ನೇರವಾಗಿ ಕೇಳಿದೆ. ಮಗಳು ಅವಮಾನವಾದವಳಂತೆ ನೋಡಿದಳು. ಅವ್ವ ಮಾತ್ರ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ನಾ ಹಾಕೇನಿ."

"ಏನು ಹಾಕಿದಿರಿ ಅಮ್ಮಾ?"

"ಮತ್ತೇನು, ಅರಿಶಿಣದ ನೀರು. ಮಂಗಳಾರ ಶುಕ್ರಾರ ಗಂಗವ್ವಗ ಹಾಕೂದ. ಹೊರಗ ಕೊಳವೀಗೆ ಹಚ್ಚಿದ್ರ ಆಕೀಗೆ ಮುಟ್ಟತೈತೇನು? ಆ ತೂತಿನ್ಯಾಗ ಹಾಕತೀನಿ. ನೀವು ಬಂದು ಹೋದಾಗಿಂದ ಮಾತ್ರ ಒಂದೀಟು ಜಾಸ್ತಿ ಹಾಕೇನ್ರಿ. ಸಿಟ್ಟ ಆಗಬ್ಯಾಡ್ರಿ. ನೀವು ದಾರಕ್ಕ ಒಂದು ಕರೀ ಗಂಟು ಕಟ್ಟಿ ಬಾವ್ಯಾಗ ಬಿಟ್ರಿ. ನೀವು ತಿಳೀದ ಬಿಟ್ಟೀರಿ. ಆದ್ರ ಕರೀ ಗಂಟು ಬಾವ್ಯಾಗ ಬಿಡೂದು ಛಲೋ ಅಲ್ಲ. ನಾ ಅದನ್ನ ಮ್ಯಾಲ ಎಳದು, ಅರಿಶಿಣ ಹಚ್ಚಿ, ಹೊಳ್ಳಿ ಇದ್ದಂಗ ಬಿಟ್ಟೀನಿ."

ಮಗಳು ತಲೆಯ ಮೇಲೆ ಕೈ ಹೊತ್ತು ಕುಕ್ಕರಿಸಿದಳು. ನನಗೆ ನಗು ಬಂತು, ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಅರಿಶಿನವೂ ಆ ಬೆಳಕಿನಲ್ಲಿ ಹಳದಿ ಹಸಿರಾಗಿ ಹೊಳೆಯುತ್ತದೆ, ನಮ್ಮ ಬಣ್ಣಕ್ಕೆ ಸಮೀಪದ ಸೋದರಸಂಬಂಧಿಯ ಹಾಗೆ. ಲ್ಯಾಬಿನವರಿಗೆ ತಿಳಿಸಿದರೆ ಮೋಸದ ಆರೋಪ ಬಿಟ್ಟುಹೋಗುತ್ತದೆ. ಆದರೆ ಎಷ್ಟು ಮಂಗಳವಾರ ಶುಕ್ರವಾರಗಳ ಅರಿಶಿನ ಆ ಕೊಳವೆಯ ಒಳಗೋಡೆಗೆ ಅಂಟಿತ್ತೋ. ಆ ಬೋರಿನ ಮಟ್ಟಿಗೆ ಬಣ್ಣದ ಪರೀಕ್ಷೆ ಮುಗಿದ ಕಥೆ. ಮೋಸಗಾರರಲ್ಲ ಎಂದಷ್ಟೇ ಸಾಬೀತಾಗುತ್ತಿತ್ತು, ಗಣಿಗೆ ಸೇರಿದ ಬಾವಿ ಎಂದಲ್ಲ. ಪಂಪು ಇಳಿದ ಮೇಲೆ ಆ ಮನೆಯ ನಲ್ಲಿ ಒಣಗಿದರೆ ಕೇಳುವವರಿರಲಿಲ್ಲ.

"ನೀರಿಲ್ಲದ ಮನೆ ಯಾರು ತಗೋತಾರೆ ಮೇಡಂ? ನಾವೆಲ್ಲಿಗೆ ಹೋಗೋದು?" ಎಂದಳು ಮಗಳು. ಆಮೇಲೆ ತಾಯಿಯ ಕಡೆ ತಿರುಗಿ, "ಎಲ್ಲಾ ಹಾಳು ಮಾಡ್ದಿ ನೋಡು ಅವ್ವಾ. ಅದು ಬರೀ ಒಂದು ಬೋರ್‌ವೆಲ್ಲು!"

ಅವ್ವ ತವೆಯನ್ನು ಕೆಳಗಿಳಿಸಿದರು. ಅಲ್ಲಿಯವರೆಗೂ ಅವರ ದನಿಯಲ್ಲಿದ್ದ ಹುರುಪು ಇಳಿದಿತ್ತು. "ನಾ ಸುಮ್ಮ ಹಾಕಲಿಲ್ಲವಾ. ಅಲ್ಲಿ ದೀಪಾ ನಿಲ್ಲವಲ್ದು. ಆಕೀಗೆ ಏನೋ ಸಿಟ್ಟು ಬಂದೈತಿ ಅಂತ ಹಾಕಿದ್ದು."

"ಗಾಳಿಗೆ ಆರಿರತ್ತೆ ಅಮ್ಮಾ, ತೂತಿನ ಎದುರಿಗೇ ಇಟ್ಟಿದೀರಲ್ಲ," ಎಂದೆ.

"ಮೂಲ್ಯಾಗ ಇಟ್ರೂ ಆರತೈತಿ. ಬಾಗಲಾ ಹಾಕಿದ್ರೂ ಆರತೈತಿ. ಬಿಸಲಿದ್ದಾಗ ಏನೂ ಆಗೂದಿಲ್ಲ, ಛಲೋ ಉರೀತೈತಿ. ಮೋಡ ಆತಂದ್ರ, ಯಾರೋ ಬಟ್ಟಲಾ ಬೋರಲಾ ಹಾಕಿದಂಗ ತಣ್ಣಗ ಆರಿ ಹೋಗತೈತಿ. ಕಡ್ಡಿ ಗೀರಿದ್ರ ಕಡ್ಡೀನೂ ಹತ್ತೂದಿಲ್ಲ."

ಕಡ್ಡಿಯೂ ಹತ್ತುವುದಿಲ್ಲ ಎಂದರೆ ಅಲ್ಲಿ ಉರಿಯಲು ಬೇಕಾದ ಗಾಳಿಯೇ ಇಲ್ಲ. ಕಿಟಕಿಯಾಚೆ ನೋಡಿದೆ. ಸಮುದ್ರದ ಕಡೆಯಿಂದ ಮೋಡ ಗುಡ್ಡದ ತಲೆ ಮುಟ್ಟುತ್ತಿತ್ತು. ಹೊಸ ಮಳೆ ಬರುವುದರಲ್ಲಿತ್ತು. ನಾನು ಅಲ್ಲಿಯವರೆಗೆ ಆ ಮನೆಗೆ ಬಂದದ್ದೆಲ್ಲ ಬಿಸಿಲ ದಿನಗಳಲ್ಲಿ, ಬಾವಿ ಗಾಳಿಯನ್ನು ಒಳಗೆಳೆದುಕೊಳ್ಳುವಾಗ. ಅಂಥ ದಿನ ಶೆಡ್ಡಿನ ಗಾಳಿ ಬೆಟ್ಟದ ಗಾಳಿಯಷ್ಟೇ ಶುದ್ಧ.

ಟ್ರಕ್ಕಿನಿಂದ ಗಾಳಿ ಅಳೆಯುವ ಪುಟ್ಟ ಮೀಟರು ತಂದು, ಅದನ್ನು ಕೋಲಿನ ತುದಿಗೆ ಕಟ್ಟಿ, ನಾನು ಹೊರಗೇ ನಿಂತು ಶೆಡ್ಡಿನೊಳಗೆ ಚಾಚಿದೆ. ಆಳೆತ್ತರದಲ್ಲಿ ಅದು ಸುಮ್ಮನಿತ್ತು. ಸೊಂಟದ ಮಟ್ಟಕ್ಕೆ ಇಳಿಸಿದಾಗ ಒಮ್ಮೆ ಚಿಲಿಗುಟ್ಟಿತು. ನೆಲಕ್ಕೆ, ದೀಪವಿದ್ದ ಎತ್ತರಕ್ಕೆ ಇಳಿಸಿದಾಗ ಕೂಗಲು ಶುರುಮಾಡಿದ್ದು ನಿಲ್ಲಿಸಲೇ ಇಲ್ಲ. ಕೊಳವೆ ಈಗ ಸೀಟಿ ಹಾಕುತ್ತಿರಲಿಲ್ಲ. ಬಾಯಗಲಿಸಿ ಹಾ ಎಂದು ಉಸಿರು ಬಿಡುವ ಸದ್ದು, ತಡೆಯಿಲ್ಲದೆ, ಉದ್ದಕ್ಕೆ.

ಅದು ಗಣಿಯ ಸತ್ತ ಗಾಳಿ. ಒಳಗೆ ಉಳಿದ ಕಲ್ಲಿದ್ದಲು ವರ್ಷಗಟ್ಟಲೆ ಗಾಳಿಯೊಳಗಿನ ಆಮ್ಲಜನಕವನ್ನು ತಿನ್ನುತ್ತಾ ಕೂರುತ್ತದೆ. ಉಳಿಯುವ ಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ತೂಕ ಮಾತ್ರ ಹೆಚ್ಚು; ಮಳೆಗೆ ಮುಂಚೆ ಮೇಲೆ ಬಂದು ನೆಲದ ಮೇಲೆ ನೀರಿನಂತೆ ನಿಲ್ಲುತ್ತದೆ. ನಿಂತವರಿಗೆ ಏನೂ ತಿಳಿಯುವುದಿಲ್ಲ. ಕೂತವರು ಮೊದಲು ಮಂಕಾಗುತ್ತಾರೆ. ಆಮೇಲೆ ಏಳುವುದಿಲ್ಲ.

"ನೀವು ಅಲ್ಲಿ ಕೂತ್ಕೋತೀರಾ ಅಮ್ಮಾ?" ಎಂದು, ಕೋಲನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಬಂದು ಕೇಳಿದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು.

ಅವ್ವ ಮಗಳ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. ಆ ಕುರ್ಚಿ ಅವರ ಯಜಮಾನರದು. ಆ ಮನೆಗೆ ಬಂದ ಮೇಲೆ ಯಜಮಾನರಿಗೆ ಮಾಡಲು ಬೇರೇನೂ ಕೆಲಸವಿಲ್ಲದೆ ಪಂಪಿನ ಉಸ್ತುವಾರಿ ವಹಿಸಿಕೊಂಡಿದ್ದರಂತೆ. ದಿನಾ ಪೇಪರು ಹಿಡಿದುಕೊಂಡು ಹೋಗಿ ಅಲ್ಲೇ ಕೂರುತ್ತಿದ್ದರು. ಈಚೆಗೆ ಆ ಮನೆಯಲ್ಲೇ, ನಿದ್ದೆಯಲ್ಲೇ ತೀರಿಕೊಂಡಿದ್ದರು.

"ಅವರ ಕುರ್ಚಿ ಮ್ಯಾಲ ನಾ ಕೂಡೂದಿಲ್ಲ. ಬಾಜೂಕ ಕೆಳಗ ಕೂಡತೀನಿ," ಎಂದರು ಅವ್ವ. "ದೀಪಾ ಆರಿದ ಮ್ಯಾಲೂ ಒಂದೀಟು ಹೊತ್ತು. ತಲಿ ಹಗರಾಗತೈತಿ. ನಿದ್ದಿ ಬಂದಂಗ ಆಗತೈತಿ. ಆಮ್ಯಾಲ ಅವರು ಬರ್ತಾರ. ಕಣ್ಣೀಗೆ ಕಾಣೂದಿಲ್ಲ. ಬಾಜೂಕ ಬಂದು ಕುಂತಿದ್ದು ಗೊತ್ತಾಗತೈತಿ. ನಡೀ ಹೋಗೂಣು ಅಂತಾರ. ಹೋದ ಸಲ ನಾನೂ ಹೂಂ ಅಂದಿದ್ದೆ. ಅಷ್ಟ್ರಾಗ ಈಕಿ ಚಾಕ್ಕ ಕರದ್ಲು."

ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಹಿತ್ತಲಲ್ಲಿ ಮೀಟರು ಕೂಗುತ್ತಲೇ ಇತ್ತು. ದೆವ್ವದ ಮಾತೆತ್ತಿದವರ ಮೇಲೆಲ್ಲ ಹರಿಹಾಯುವ ನಾನು ಕೆಳಗಿಳಿಸಿದ ತವೆಯನ್ನೇ ನೋಡುತ್ತಾ ನಿಂತಿದ್ದೆ. ಹೇಳಬೇಕಾದ್ದನ್ನು ಕೊನೆಗೆ ಹೇಳಿದ್ದು ಮಗಳೇ, ಅಳುತ್ತಾ. "ಅದು ಅಪ್ಪ ಅಲ್ಲವ್ವಾ. ಆಕ್ಸಿಜನ್ನು ಕಡಿಮೆಯಾದ್ರೆ ಬ್ರೇನು ಹಾಗೆ ಆಡ್ಸತ್ತೆ. ನೀನು ಸತ್ತೇ ಹೋಗ್ತಿದ್ದಿ!"

ಅವ್ವ ನನ್ನ ಕಡೆ ನೋಡಿದರು. "ಹೌದೇನ್ರಿ? ಅವರಲ್ಲೇನು?"

"ಅಲ್ಲಮ್ಮಾ," ಎಂದೆ. ನನ್ನ ವೃತ್ತಿಯಲ್ಲಿ ಅಷ್ಟು ಕಷ್ಟಪಟ್ಟು ಇನ್ನೊಂದು ಸತ್ಯ ಹೇಳಿದ ನೆನಪಿಲ್ಲ.

ಇಲ್ಲಿಂದ ಮುಂದಿನದು ನನಗೂ ಆ ಮಗಳಿಗೂ ನಡೆದ ಜಗಳ. ಇವತ್ತೇ ಆ ಬಾವಿಯ ಬಾಯಿ ಮುಚ್ಚಿಸಿ ಎಂದಳು ಅವಳು. ಮುಚ್ಚಿದರೆ ಅವ್ವ ಉಳಿಯುತ್ತಾರೆ, ನೀರಿನ ಹಕ್ಕು ಹೋಗುತ್ತದೆ ಎಂದೆ ನಾನು. ಯಾಕೆಂದರೆ ಆ ಮನೆಯನ್ನು ಉಳಿಸಬಲ್ಲ ಸಾಕ್ಷಿ ಇನ್ನು ಆ ಉಸಿರೊಂದೇ. ಗುಡ್ಡದ ಮೇಲಿನ ಗಾಳಿಬಾವಿಯಲ್ಲಿ ಒಂದು ಮೀಟರು, ಈ ಶೆಡ್ಡಿನಲ್ಲಿ ಒಂದು ಮೀಟರು ಇಟ್ಟು, ಒಂದು ದೊಡ್ಡ ಮಳೆ ಹಾದುಹೋಗುವಾಗ ಎರಡೂ ಕಡೆ ಅದೇ ಸತ್ತ ಗಾಳಿ ಒಂದೇ ಹೊತ್ತಿಗೆ ಏಳುತ್ತದೆ, ಒಂದೇ ಹೊತ್ತಿಗೆ ಇಳಿಯುತ್ತದೆ ಎಂದು ತೋರಿಸಿದರೆ ಕೌಂಟಿಯವರಿಗೆ ಇಲ್ಲವೆನ್ನಲು ಬಾಯಿರುವುದಿಲ್ಲ. ಅದಕ್ಕೆ ಬಾವಿಯ ಬಾಯಿ ಇನ್ನೊಂದು ಮಳೆಯವರೆಗೆ ತೆರೆದೇ ಇರಬೇಕು.

"ಒಂದು ಪೈಪಿಗೋಸ್ಕರ ನಮ್ಮವ್ವನ್ನ ಪಣಕ್ಕಿಡ್ಲಾ?" ಎಂದು ಕೇಳಿದಳು. ತಪ್ಪು ಪ್ರಶ್ನೆಯಲ್ಲ. ಕೊನೆಗೆ ಶೆಡ್ಡಿಗೆ ಗಟ್ಟಿ ಬೀಗ ಹಾಕುವುದು, ಕೀಲಿ ಮಗಳ ಹತ್ತಿರ ಇರುವುದು, ಪಂಪಿನ ಸ್ವಿಚ್ಚನ್ನು ಮನೆಯೊಳಗೆ ತರುವುದು ಎಂದು ಒಪ್ಪಂದವಾಯಿತು. ನಾನು ಮೀಟರು ಹೂಡಿ ಬೀಗ ಹಾಕುವಾಗ ಅವ್ವ ದೂರದಲ್ಲಿ ನಿಂತು ನೋಡುತ್ತಿದ್ದರು, ಸ್ವೆಟರಿನ ತೋಳುಗಳನ್ನು ಅಂಗೈ ಮುಚ್ಚುವಷ್ಟು ಎಳೆದುಕೊಂಡು. ಆ ಸ್ವೆಟರೂ ಯಜಮಾನರದೇ ಇರಬೇಕೆಂದು ನನಗೆ ಆಗ ಹೊಳೆಯಿತು.

ದೊಡ್ಡ ಮಳೆ ಬಂದ ಮಧ್ಯಾಹ್ನ ನಾನು ಗುಡ್ಡದ ಮೇಲೆ, ಗಾಳಿಬಾವಿಯ ಹತ್ತಿರ ಟ್ರಕ್ಕಿನೊಳಗೆ ಕೂತಿದ್ದೆ. ಮಗಳು ಆಫೀಸಿಗೆ ಹೋಗಿದ್ದಳು; ಹೋಗುವ ಮುಂಚೆ ಫೋನು ಮಾಡಿ, ಬೀಗ ನೋಡಿಯೇ ಹೊರಟಿದ್ದೇನೆ ಎಂದಿದ್ದಳು. ಎರಡೂ ಮೀಟರುಗಳ ಅಳತೆ ನನ್ನ ಫೋನಿನ ಪರದೆಯ ಮೇಲೆ ಎರಡು ಗೆರೆಗಳಾಗಿ ಬರುತ್ತಿತ್ತು. ಮೋಡ ಇಳಿದಂತೆ ಗಾಳಿಬಾವಿಯ ಆಮ್ಲಜನಕದ ಗೆರೆ ಇಳಿಯತೊಡಗಿತು. ಅದರ ಜೊತೆಗೇ, ಕೈ ಹಿಡಿದು ಮೆಟ್ಟಿಲಿಳಿಯುವವರಂತೆ, ಶೆಡ್ಡಿನ ಗೆರೆಯೂ ಇಳಿಯಿತು. ಆ ಎರಡು ಗೆರೆಗಳೇ ಮುಂದೆ ಕೌಂಟಿಯವರನ್ನು ಒಪ್ಪಿಸಿದವು. ಟ್ರಸ್ಟಿನ ಮರ್ಯಾದಸ್ಥರೂ ಕಾಫಿ ಲೋಟ ತಿರುಗಿಸುತ್ತಾ ಸಹಿ ಹಾಕಿದರು. ಆ ಮನೆಗೆ ಈಗ ಊರಿನ ನೀರು ಬರುತ್ತದೆ. ಅಂದು ಟ್ರಕ್ಕಿನಲ್ಲಿ ಆ ಗೆರೆಗಳನ್ನು ನೋಡುತ್ತಿದ್ದಾಗ ನಾನು ಸೀಟಿನಲ್ಲೇ ಕುಣಿಯುವುದೊಂದು ಬಾಕಿ.

ಆಗ ಶೆಡ್ಡಿನ ಗೆರೆ ನೆಟ್ಟಗೆ ಮೇಲಕ್ಕೆ ಹಾರಿತು. ಗಾಳಿಬಾವಿಯದು ಇಳಿಯುತ್ತಲೇ ಇತ್ತು. ಶೆಡ್ಡಿಗೆ ಒಳ್ಳೆಯ ಗಾಳಿ ನುಗ್ಗಿತ್ತು. ಯಾರೋ ಬಾಗಿಲು ತೆರೆದಿದ್ದರು.

ಮನೆಗೆ ಫೋನು ಮಾಡಿದೆ, ಎತ್ತಲಿಲ್ಲ. ಆಂಬುಲೆನ್ಸಿಗೆ ಹೇಳಿ ಟ್ರಕ್ಕು ತಿರುಗಿಸಿದೆ. ಕೆಸರಿನಲ್ಲಿ ಗುಡ್ಡ ಇಳಿದದ್ದು ಹೇಗೋ ನನಗೆ ನೆನಪಿಲ್ಲ. ಪರದೆಯ ಮೇಲೆ ಆ ಗೆರೆ ಮತ್ತೆ ಮೆಲ್ಲಗೆ ಇಳಿಯಲು ಶುರುವಾದದ್ದು ನೆನಪಿದೆ. ತೆರೆದ ಬಾಗಿಲಿನಿಂದ ಬಂದ ಗಾಳಿಯನ್ನೂ ಕೆಳಗಿನದು ಹೊರಗೆ ದಬ್ಬುತ್ತಿತ್ತು. ನನಗೆ ಗೊತ್ತಿದ್ದ ದೇವರುಗಳ ಹೆಸರನ್ನೆಲ್ಲ ಬಾಯಿ ತಾನಾಗಿ ಹೇಳುತ್ತಿತ್ತು. ಅಡುಗೆಮನೆಯ ಡ್ರಾಯರಿನಲ್ಲಿ ಬೀಗದ ಜೊತೆ ಬಂದ ಇನ್ನೊಂದು ಕೀಲಿ ಇತ್ತೆಂದು ಆಮೇಲೆ ತಿಳಿಯಿತು.

ಶೆಡ್ಡಿನ ಬಾಗಿಲು ಅಗಲಕ್ಕೆ ತೆರೆದಿತ್ತು. ಬಾಗಿಲಿನಿಂದ ಸಾಕಷ್ಟು ದೂರ, ಅಂಗಳದ ಬಯಲಿನಲ್ಲಿ, ಸುರಿಯುವ ಮಳೆಯಲ್ಲಿ ಆ ಪ್ಲಾಸ್ಟಿಕ್ ಕುರ್ಚಿ ಇತ್ತು, ಖಾಲಿ. ಅದರ ಪಕ್ಕದಲ್ಲಿ ಒದ್ದೆ ಹುಲ್ಲಿನ ಮೇಲೆ ಅವ್ವ ಕೂತಿದ್ದರು. ಕೊಡೆಯನ್ನು ತಮಗೆ ಹಿಡಿದಿರಲಿಲ್ಲ, ಖಾಲಿ ಕುರ್ಚಿಯ ಮೇಲೆ ಹಿಡಿದಿದ್ದರು. ಶೆಡ್ಡಿನ ಕತ್ತಲೆಯೊಳಗಿಂದ ಆ ಉದ್ದನೆಯ ಉಸಿರು ಬರುತ್ತಲೇ ಇತ್ತು.

ನಾನು ಓಡಿಹೋಗಿ ತೋಳು ಹಿಡಿದೆ. ತಣ್ಣಗಿದ್ದರು, ಆದರೆ ಕಣ್ಣು ಚುರುಕಾಗಿತ್ತು, ಮಾತು ಸರಿಯಾಗಿತ್ತು.

"ಅಂಜಬ್ಯಾಡವಾ, ಕುರ್ಚಿ ಎಳ್ಕೊಂಡು ಬಂದದ್ದಷ್ಟ, ಒಳಗ ಕೂತಿಲ್ಲ," ಎಂದರು. ಅಷ್ಟು ದಿನ ನೀವು ಎನ್ನುತ್ತಿದ್ದವರು ಮೊದಲ ಸಲ ನನ್ನನ್ನು ಮಗಳಂತೆ ಕರೆದರು. "ಬಾಗಲಾ ತಗದು, ಹೊರಗ ಬರ್ರಿ ಅಂತ ಕರದೆ. ನೀವೆಲ್ಲಾ ಗಾಳಿ ಅಂದ್ರಿ. ಖರೇನ ಅವರ ಇದ್ರ, ಇಲ್ಲಿ ಛಲೋ ಗಾಳ್ಯಾಗೂ ಬಂದು ಕುಂಡ್ರಬೇಕಲ್ಲ?"

ನನಗೆ ಉತ್ತರ ಗೊತ್ತಿತ್ತು. ಆದರೂ ಕೇಳಿದೆ. ಬೇರೆ ಉತ್ತರ ಬರಲಿ ಎಂದು ಆಸೆಪಟ್ಟು ಕೇಳಿದೆ. "ಬಂದ್ರಾ ಅಮ್ಮಾ?"

ಅವ್ವ ಆ ಕುರ್ಚಿಯನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಕೊಡೆಯನ್ನು ಅದರ ಮೇಲಿಂದ ತೆಗೆದು ನನ್ನ ತಲೆಯ ಮೇಲೆ ಹಿಡಿದರು.

"ಇಲ್ಲ," ಎಂದರು. "ಇನ್ನ ಅದರ ಬಾಯಿ ಮುಚ್ಚಸವಾ."